ತಾಮ್ರದ ಸೀಮೆಯಲ್ಲಿ ಹಾಕಿ: 1904–05ರ ಚಳಿಗಾಲ

1898ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬರ್ಲಿನ್ ಪಟ್ಟಣದ ಐಸ್ ಹಾಕಿ ತಂಡ ಪಕ್ಕದ ವಾಟರ್ಲೂ ಊರಿನವರನ್ನು ಸೋಲಿಸಿತು. ಒತ್ತೊತ್ತಿಗೆ ಇರುವ ಎರಡು ಊರುಗಳು. ನೆರೆಯವರನ್ನು ಗೆದ್ದ ಸುಖವೇ ಬೇರೆ. ಬರ್ಲಿನ್ನಿನ ಮೇಯರ್ ಉತ್ಸಾಹ ತಡೆಯಲಾರದೆ ತನ್ನ ಹುಡುಗರಿಗೆ ತಲಾ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟ. ಸುದ್ದಿ ಪ್ರಾಂತ್ಯದ ಹಾಕಿ ಸಂಸ್ಥೆಗೆ ಮುಟ್ಟಿತು. ಆಟಕ್ಕೆ ಹಣ ಪಡೆದವರು ವೃತ್ತಿಪರರು, ವೃತ್ತಿಪರರಿಗೆ ಇಲ್ಲಿ ಜಾಗವಿಲ್ಲ ಎಂದು ಸಂಸ್ಥೆ ಇಡೀ ತಂಡವನ್ನು ಹೊರಗೆ ಹಾಕಿತು. ಹಾಗೆ ಹೊರಬಿದ್ದವರಲ್ಲಿ ಒಬ್ಬ ಜಾನ್ ಗಿಬ್ಸನ್. ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ದಂತವೈದ್ಯ ಓದಿದ. ತಂಡ ಹೊರಬಿದ್ದ ಆರು ವರ್ಷಗಳ ಬಳಿಕ, ಪೂರ್ತಿ ವೃತ್ತಿಪರವಾದ ಮೊತ್ತಮೊದಲ ಹಾಕಿ ಲೀಗ್ ಹುಟ್ಟಿದ್ದು ಈ ದಂತವೈದ್ಯ ಹೋಗಿ ನೆಲೆಸಿದ ಊರಿನಿಂದ.

ಆ ಕಾಲದ ಕೆನಡಾದಲ್ಲಿ ಹವ್ಯಾಸಿ ಆಟ ಎಂಬುದು ಬರೀ ನಿಯಮವಾಗಿರಲಿಲ್ಲ, ಮಡಿಯಾಗಿತ್ತು. ಒಂಟಾರಿಯೊ ಹಾಕಿ ಸಂಸ್ಥೆಯ ಅಧ್ಯಕ್ಷ ಜಾನ್ ರಾಸ್ ರಾಬರ್ಟ್‌ಸನ್ ಟೊರಾಂಟೊದ ಒಂದು ದೊಡ್ಡ ಪತ್ರಿಕೆಯ ಒಡೆಯ, ಸಿರಿವಂತ. 1899ರಿಂದ 1905ರವರೆಗೆ ಆ ಕುರ್ಚಿಯಲ್ಲಿ ಕೂತು ಹಣದ ಸೋಂಕು ತಗುಲಿದ ಆಟಗಾರರನ್ನು ಹುಡುಕಿ ಹುಡುಕಿ ತೆಗೆದುಹಾಕಿದ. ವೃತ್ತಿಪರರ ಎದುರು ಒಮ್ಮೆ ಆಡಿದವನೂ ಮೈಲಿಗೆಯಾಗುತ್ತಿದ್ದ. ರಾಬರ್ಟ್‌ಸನ್ನನ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಮಕ್ಕಳ ಆಸ್ಪತ್ರೆಗೆ ಅವನು ಕೈತುಂಬ ಕೊಟ್ಟವನು. ಆದರೆ ಈ ಮಡಿಯನ್ನು ಕಾಯಲು ಶಕ್ತಿಯಿದ್ದದ್ದು ಉಳ್ಳವರಿಗೆ. ಬ್ಯಾಂಕಿನ ಸಾಹೇಬನ ಮಗ ಶನಿವಾರ ಪುಕ್ಕಟೆ ಆಡಬಲ್ಲ. ರೈಲ್ವೆ ಯಾರ್ಡಿನಲ್ಲಿ ದುಡಿಯುವ ಹುಡುಗ ದೂರದ ಊರಿಗೆ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು, ಪೆಟ್ಟುಬಿದ್ದರೆ ತಿಂಗಳ ಕೂಲಿಯೇ ಹೋಯಿತು. ಹೀಗಾಗಿ ಕ್ಲಬ್ಬುಗಳು ಒಳ್ಳೆಯ ಆಟಗಾರನಿಗೆ ಹೆಸರಿಗೊಂದು ಕೆಲಸ ಕೊಡಿಸಿಯೋ, ಮೇಜಿನ ಕೆಳಗೆ ಲಕೋಟೆ ದಾಟಿಸಿಯೋ ಅವನನ್ನು ಉಳಿಸಿಕೊಳ್ಳುತ್ತಿದ್ದವು. ಎಲ್ಲರಿಗೂ ಗೊತ್ತಿದ್ದ, ಯಾರೂ ಹೇಳದ ಸಂಗತಿ ಇದು.

ಗಿಬ್ಸನ್ 1900ರ ಹೊತ್ತಿಗೆ ಬಂದು ನೆಲೆಸಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಬಡಗಣ ತುದಿಯ ಹೋಟನ್ ಪಟ್ಟಣದಲ್ಲಿ. ಸುಪೀರಿಯರ್ ಸರೋವರದೊಳಕ್ಕೆ ಬಾಗಿದ ಬೆರಳಿನಂತೆ ಚಾಚಿಕೊಂಡಿರುವ ಕೀವಿನಾ ಎಂಬ ಪರ್ಯಾಯದ್ವೀಪದಲ್ಲಿದೆ ಆ ಪಟ್ಟಣ. ಅಲ್ಲಿಯ ಬಂಡೆಯಲ್ಲಿ ತಾಮ್ರ ಅದಿರಾಗಿ ಅಲ್ಲ, ಲೋಹವಾಗಿಯೇ ಸಿಗುತ್ತದೆ. 1840ರ ದಶಕದಿಂದ ಅಗೆಯುತ್ತ ಬಂದ ಆ ಸೀಮೆ ಬಹುಕಾಲ ಇಡೀ ದೇಶಕ್ಕೇ ತಾಮ್ರ ಕೊಡುತ್ತಿತ್ತು. 1880ರ ದಶಕದ ಕೊನೆಗೆ ಮೊಂಟಾನಾ ರಾಜ್ಯ ಅದನ್ನು ಹಿಂದೆ ಹಾಕಿತಾದರೂ, ವಿದ್ಯುತ್ತಿನ ತಂತಿ ಊರೂರಿಗೆ ಓಡುತ್ತಿದ್ದ ಹೊಸ ಶತಮಾನದ ಆರಂಭದಲ್ಲಿ ಎಷ್ಟು ತಾಮ್ರ ಬಂದರೂ ಗಿರಾಕಿ ಇದ್ದ. ಕ್ಯಾಲುಮೆಟ್ ಆಂಡ್ ಹೆಕ್ಲಾ ಎಂಬ ಗಣಿ ಕಂಪನಿ ಬಾಸ್ಟನ್ನಿನ ಷೇರುದಾರರಿಗೆ ವರ್ಷ ವರ್ಷವೂ ಹೊಳೆಯಂತೆ ಲಾಭಾಂಶ ಹರಿಸುತ್ತಿತ್ತು. ಫಿನ್‌ಲೆಂಡ್, ಇಟಲಿ, ಕ್ರೊಯೇಷಿಯಾ, ಐರ್ಲೆಂಡ್, ಇಂಗ್ಲೆಂಡಿನ ಕಾರ್ನ್‌ವಾಲ್, ಎಲ್ಲೆಲ್ಲಿಂದಲೋ ಜನ ಬಂದು ತುಂಬಿದ್ದರು. ಈ ಕಾರ್ನ್‌ವಾಲಿನವರು ನಮಗೆ ಅಪರಿಚಿತರಲ್ಲ. ತಮ್ಮ ನಾಡಿನ ತವರ ಮತ್ತು ತಾಮ್ರದ ಗಣಿಗಳು ಮುಚ್ಚುತ್ತ ಹೋದಂತೆ ಪ್ರಪಂಚದ ಮೂಲೆಮೂಲೆಗೆ ಹೊರಟ ಅದೇ ಗಣಿಗಾರರು ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲೂ ಮೇಸ್ತ್ರಿಗಳಾಗಿ, ಕ್ಯಾಪ್ಟನ್ನುಗಳಾಗಿ ಇದ್ದವರು. ಅಲ್ಲಿಯ ಚಾಂಪಿಯನ್ ರೀಫ್ ಗಣಿಗೆ ಇಳಿದವನ ಅಣ್ಣತಮ್ಮಂದಿರು ಕೀವಿನಾದ ಸುರಂಗಕ್ಕೂ ಇಳಿದಿರಬಹುದಾದ ಕಾಲ ಅದು.

ಹೊರಗೆ ಮಾತ್ರ ಕೋಲಾರದ ಬಿಸಿಲಿಗೆ ತದ್ವಿರುದ್ಧ. ಸರೋವರದ ಮೇಲಿಂದ ಬೀಸುವ ಗಾಳಿ ಕೀವಿನಾದಲ್ಲಿ ಒಂದು ಚಳಿಗಾಲಕ್ಕೆ ಐದು ಮೀಟರಿಗೂ ಮಿಕ್ಕಿ ಹಿಮ ಸುರಿಸುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಡಗು ಇಲ್ಲ, ಹೊಲಗೆಲಸ ಇಲ್ಲ. ಗಣಿ ಮಾತ್ರ ನಿಲ್ಲುವುದಿಲ್ಲ, ಸಂಬಳವೂ ನಿಲ್ಲುವುದಿಲ್ಲ. ಕೈಯಲ್ಲಿ ಕಾಸಿರುವ ಸಾವಿರಾರು ಜನ, ಐದು ತಿಂಗಳ ಕತ್ತಲು, ಎಲ್ಲೆಲ್ಲೂ ಹೆಪ್ಪುಗಟ್ಟಿದ ನೀರು. ವೃತ್ತಿಪರ ಹಾಕಿ ಮಾಂಟ್ರಿಯಲ್‌ನಲ್ಲಿ ಹುಟ್ಟದೆ ಇಲ್ಲಿ ಏಕೆ ಹುಟ್ಟಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಇನ್ನರ್ಧ, ಇಲ್ಲಿ ರಾಬರ್ಟ್‌ಸನ್‌ನಂಥವರ ಕೈ ಮುಟ್ಟುತ್ತಿರಲಿಲ್ಲ. ಗಿಬ್ಸನ್‌ನನ್ನು ಅಪರಾಧಿ ಎಂದು ನೋಡುವವರು ಹೋಟನ್‌ನಲ್ಲಿ ಯಾರೂ ಇರಲಿಲ್ಲ. ಅವನು ಸೊಗಸಾಗಿ ಸ್ಕೇಟ್ ಮಾಡಬಲ್ಲ ದೈತ್ಯ, ಜೊತೆಗೆ ಹಲ್ಲು ಕೀಳುವ ಡಾಕ್ಟರು. ಊರಿಗೆ ಎರಡೂ ಬೇಕಿತ್ತು.

ಹೋಟನ್ ಮತ್ತು ಎದುರು ದಡದ ಹ್ಯಾನ್‌ಕಾಕ್ ಊರುಗಳ ನಡುವೆ ಹರಡಿರುವ ನೀರಿನ ಹೆಸರನ್ನೇ ತಂಡಕ್ಕೆ ಇಟ್ಟರು: ಪೋರ್ಟೇಜ್ ಲೇಕ್. ಜೇಮ್ಸ್ ಡೀ ಎಂಬ ಸ್ಥಳೀಯ ಉದ್ಯಮಿ ಮುಂದೆ ನಿಂತು 1902ರ ಕೊನೆಗೆ ನೀರಂಚಿನಲ್ಲಿ ಆಂಫಿಡ್ರೋಮ್ ಎಂಬ, ಒಳಗೆ ಐಸ್ ಅಂಗಳವಿದ್ದ ಭಾರಿ ಮರದ ಕಟ್ಟಡವನ್ನು ಎಬ್ಬಿಸಿದ. ಗಿಬ್ಸನ್ ತನಗೆ ಗೊತ್ತಿದ್ದ ಕೆನಡಾದ ಆಟಗಾರರಿಗೆ ಕರೆ ಕಳಿಸಿದ, ಡೀ ಹಣ ಹೊಂದಿಸಿದ. 1903–04ರಲ್ಲಿ ಆ ತಂಡ ಆಡಿದ್ದು 26 ಪಂದ್ಯ, ಗೆದ್ದದ್ದು 24. ಹೊಡೆದ ಗೋಲು 273, ಬಿಟ್ಟುಕೊಟ್ಟದ್ದು 48. ಅದೇ ಮಾರ್ಚಿನಲ್ಲಿ ಮಾಂಟ್ರಿಯಲ್‌ನ ಹೆಸರಾಂತ ವಾಂಡರರ್ಸ್ ತಂಡವನ್ನು ಕರೆಸಿ 8–4, 9–2 ಅಂತರದಲ್ಲಿ ಎರಡು ಸಲ ಬಗ್ಗುಬಡಿಯಿತು. ಊರಿನವರು ಅದನ್ನು ವಿಶ್ವ ಚಾಂಪಿಯನ್‌ಷಿಪ್ ಎಂದೇ ಕರೆದರು. ಮೂರೂವರೆ ಸಾವಿರದ ಆಸುಪಾಸು ಜನವಿದ್ದ ಒಂದು ಗಣಿ ಪಟ್ಟಣಕ್ಕೆ ಹಾಗೆ ಕರೆದುಕೊಳ್ಳುವ ಹಕ್ಕಿತ್ತು ಎಂದೇ ನನಗೂ ಅನ್ನಿಸುತ್ತದೆ, ಏಕೆಂದರೆ ಅಂಥ ಆಟಗಾರರ ಕೂಟ ಆ ವರ್ಷ ಬೇರೆಲ್ಲೂ ಇರಲಿಲ್ಲ.

ಆದರೆ ಯಾರನ್ನು ಕರೆದರೂ ಸೋಲಿಸಿ ಕಳಿಸುವ ತಂಡಕ್ಕೆ ಒಂದು ಕಷ್ಟವಿದೆ. ಎದುರಾಳಿ ಬೇಕು, ಅದೂ ವಾರವಾರ ಬೇಕು. ಕಟ್ಟಡಕ್ಕೆ ಹಾಕಿದ ಬಂಡವಾಳ ಟಿಕೆಟ್ಟಿನಿಂದ ವಾಪಸು ಬರಬೇಕು. ಪಂದ್ಯಪಟ್ಟಿ ಮೊದಲೇ ಗೊತ್ತಿದ್ದರೆ ಆಟಗಾರನಿಗೂ ಇಡೀ ಚಳಿಗಾಲಕ್ಕೆ ಇಷ್ಟು ಎಂದು ಸಂಬಳ ನಿಗದಿ ಮಾಡಬಹುದು. ಲೀಗ್ ಎಂಬ ಆಲೋಚನೆ ಬಂದದ್ದು ಹೀಗೆ.

ಅದಕ್ಕೆ ಬೇಕಾದ ಎರಡನೆಯ ಕಂಬ ಪಿಟ್ಸ್‌ಬರ್ಗ್. ಉಕ್ಕಿನ ಆ ಮಹಾನಗರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ. ಹಿಂದೆ ಟ್ರಾಮು ಗಾಡಿ ನಿಲ್ಲಿಸುತ್ತಿದ್ದ ದೊಡ್ಡ ಶೆಡ್ಡನ್ನು ಡುಕೇನ್ ಗಾರ್ಡನ್ ಎಂಬ ರಿಂಕಾಗಿ, ಅಂದರೆ ಐಸ್ ಅಂಗಳವಾಗಿ, ಮಾಡಿದ್ದರು. ಅಲ್ಲಿ ಯಂತ್ರದಿಂದ ಐಸ್ ಕಟ್ಟಿಸುತ್ತಿದ್ದರು. ಆ ಕಾಲಕ್ಕೆ ಇದು ಬೆರಗಿನ ವಸ್ತು. ಕೆನಡಾದ ಬಹುತೇಕ ರಿಂಕುಗಳೂ ಆಗ ನಂಬಿದ್ದು ಚಳಿಯನ್ನೇ. ಹೊರಗೆ ಕೊರೆದರೆ ಒಳಗೆ ನೀರು ಹೆಪ್ಪುಗಟ್ಟುತ್ತದೆ, ಬಿಸಿಲು ಬಿದ್ದರೆ ಆಟ ಕೆಸರಾಗುತ್ತದೆ. ಡುಕೇನ್ ಗಾರ್ಡನ್ನಿನ ಐಸನ್ನು ಕಂಡು, ವಾರಕ್ಕಿಷ್ಟು ಎಂಬ ಸಂಬಳಕ್ಕೆ ಆಸೆಪಟ್ಟು ಕೆನಡಾದ ಹುಡುಗರು 1901ರಿಂದಲೇ ಪಿಟ್ಸ್‌ಬರ್ಗಿಗೆ ಇಳಿದು ಅಲ್ಲಿಯ ಸ್ಥಳೀಯ ಲೀಗಿನಲ್ಲಿ ಆಡುತ್ತಿದ್ದರು. ಒಂದೇ ರಿಂಕಿನಲ್ಲಿ ಊರಿನ ತಂಡಗಳೇ ಮತ್ತೆ ಮತ್ತೆ ಸೆಣಸುವ ಆ ಲೀಗ್ 1904ರಲ್ಲಿ ನಿಂತಿತು. ಉಳಿದವರನ್ನು ಕಲೆಹಾಕಿ ಪಿಟ್ಸ್‌ಬರ್ಗ್ ಪ್ರೊಫೆಷನಲ್ಸ್ ಎಂಬ ಒಂದೇ ತಂಡ ಮಾಡಿದರು. ಹೆಸರಿನಲ್ಲೇ ವೃತ್ತಿಪರರು ಎಂದು ಬರೆದುಕೊಂಡ ಆ ಎದೆಗಾರಿಕೆ ನನಗೆ ತುಂಬ ಹಿಡಿಸುತ್ತದೆ.

ಮೂರನೆಯದು ಹೋಟನ್‌ನಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಕ್ಯಾಲುಮೆಟ್. ದೊಡ್ಡ ಕಂಪನಿಯ ಊರು ಅದು. 1900ರಲ್ಲೇ ಅಲ್ಲಿ ಭವ್ಯವಾದ ಒಂದು ನಾಟಕ ಮಂದಿರ ಎದ್ದಿತ್ತು. ಹೋಟನ್‌ನವರಿಗೆ ಆಂಫಿಡ್ರೋಮ್ ಇದ್ದ ಮೇಲೆ ಕ್ಯಾಲುಮೆಟ್ಟಿನವರು ಸುಮ್ಮನಿರುತ್ತಾರೆಯೇ? 1904ರಲ್ಲಿ ಪಕ್ಕದ ಲಾರಿಯಂ ಹಳ್ಳಿಯಲ್ಲಿ ಪಲೆಸ್ಟ್ರಾ ಎಂಬ ರಿಂಕ್ ಕಟ್ಟಿಸಿದರು. ಎರಡು ಊರುಗಳ ನಡುವೆ ವಿದ್ಯುತ್ ಟ್ರಾಮು ಓಡುತ್ತಿತ್ತು. ಪಂದ್ಯದ ಸಂಜೆ ಅದರಲ್ಲಿ ಹತ್ತಿ ಎದುರೂರಿಗೆ ಹೋಗಿ ಕೂಗಿ ಬರಬಹುದು.

ನಾಲ್ಕು ಮತ್ತು ಐದನೆಯ ತಂಡಗಳು ಒಂದೇ ಹೆಸರಿನ ಎರಡು ಊರುಗಳಿಂದ ಬಂದವು. ಸುಪೀರಿಯರ್ ಸರೋವರ ಸೇಂಟ್ ಮೇರೀಸ್ ನದಿಯಾಗಿ ಕೆಳಗಿಳಿಯುವ ಕಡೆ ತೆಂಕಣ ದಡದಲ್ಲಿ ಅಮೆರಿಕದ ಸೂ ಸೇಂಟ್ ಮರೀ, ಬಡಗಣ ದಡದಲ್ಲಿ ಕೆನಡಾದ ಸೂ ಸೇಂಟ್ ಮರೀ. ಜನರ ಬಾಯಲ್ಲಿ ಎರಡೂ ಬರೀ ‘ಸೂ’. ರೈಲಿಗೆ ಮಾತ್ರ ಸೇತುವೆಯಿತ್ತು. ಗಾಡಿಗಳ ಸೇತುವೆ ಬರಲು 1962 ಆಗಬೇಕಾಯಿತು. ಕೆನಡಾದ ಸೂ ಆಗ ಇನ್ನೂ ಗಾಯಗೊಂಡ ಊರು. ಫ್ರಾನ್ಸಿಸ್ ಕ್ಲರ್ಗ್ ಎಂಬ ಸಾಹಸಿ ಕಟ್ಟಿದ ಕಾಗದ, ಉಕ್ಕು, ವಿದ್ಯುತ್ತಿನ ಉದ್ಯಮ ಸಾಮ್ರಾಜ್ಯ 1903ರ ಸೆಪ್ಟೆಂಬರಿನಲ್ಲಿ ಕುಸಿದಿತ್ತು. ಸಂಬಳ ಸಿಗದ ಕೆಲಸಗಾರರು ಕಂಪನಿಯ ಕಚೇರಿಗೆ ಕಲ್ಲು ತೂರಿ, ಸೈನ್ಯ ಕರೆಸಬೇಕಾಗಿ ಬಂದಿತ್ತು. ಅಂಥ ಊರು ಮರುವರ್ಷವೇ ಸಂಬಳದ ಹಾಕಿ ತಂಡ ಕಟ್ಟಿತು. ಒಂಟಾರಿಯೊದ ನೆಲದಲ್ಲೇ, ರಾಬರ್ಟ್‌ಸನ್ನನ ಕಣ್ಣೆದುರೇ. ಲೀಗಿಗೆ ‘ಅಂತರರಾಷ್ಟ್ರೀಯ’ ಎಂಬ ಮಾತು ಸಂದದ್ದು ಈ ಒಂದು ತಂಡದಿಂದ. 1904ರ ಚಳಿಗಾಲ ಕಾಲಿಡುವ ಹೊತ್ತಿಗೆ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಹಾಕಿ ಲೀಗ್ ಸಿದ್ಧವಾಯಿತು.

ಅಂದಿನ ಆಟ ಇಂದು ಟಿವಿಯಲ್ಲಿ ಕಾಣುವ ಐಸ್ ಹಾಕಿಯಲ್ಲ. ಒಂದು ಕಡೆಗೆ ಏಳು ಜನ. ಗೋಲ್‌ಕೀಪರ್, ಅವನ ಮುಂದೆ ಒಬ್ಬರ ಹಿಂದೊಬ್ಬರಂತೆ ಪಾಯಿಂಟ್ ಮತ್ತು ಕವರ್ ಪಾಯಿಂಟ್, ಮುಂದೆ ಒಬ್ಬ ಸೆಂಟರ್, ಇಕ್ಕೆಲದಲ್ಲಿ ಇಬ್ಬರು ವಿಂಗ್, ಇವರೆಲ್ಲರ ನಡುವೆ ಎಲ್ಲಿ ಬೇಕಾದರೂ ಓಡಾಡುವ ರೋವರ್. ಅರ್ಧ ಗಂಟೆಯ ಎರಡು ಅವಧಿ. ಶುರು ಮಾಡಿದ ಏಳು ಜನವೇ ಅರವತ್ತು ನಿಮಿಷವೂ ಆಡಬೇಕು. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಮುಂದಕ್ಕೆ ದಾಟಿಸುವಂತಿಲ್ಲ. ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಕೊಡಬೇಕು, ಮುಂದೆ ಹೋಗಬೇಕೆಂದರೆ ಸ್ಟಿಕ್ಕಿನ ತುದಿಯಲ್ಲಿ ಇಟ್ಟುಕೊಂಡು ತಾನೇ ನುಗ್ಗಬೇಕು. ಗೋಲ್‌ಕೀಪರ್ ಮಂಡಿಯೂರುವಂತಿಲ್ಲ, ಮಲಗುವಂತಿಲ್ಲ, ನಿಂತೇ ತಡೆಯಬೇಕು. ಮುಖಕ್ಕೆ ಮುಸುಕು, ತಲೆಗೆ ಹೆಲ್ಮೆಟ್ ಯಾರೂ ಕಂಡಿರಲಿಲ್ಲ. ದಣಿವಿನಲ್ಲಿ ಕೊನೆಯ ಹತ್ತು ನಿಮಿಷ ಆಟ ಒರಟಾಗುವುದು, ಸ್ಟಿಕ್ಕು ಪಕ್ಕನ್ನು ಬಿಟ್ಟು ಮೊಣಕಾಲಿಗೆ ಬೀಳುವುದು ಸಹಜವಾಗಿತ್ತು.

ಇಂಥ ಆಟದಲ್ಲಿ ಆ ಕಾಲದವರು ಸರಿಸಾಟಿಯಿಲ್ಲ ಎನ್ನುತ್ತಿದ್ದ ಹೆಸರು ಹಾಡ್ ಸ್ಟುವರ್ಟ್. ಒಟ್ಟಾವಾದವನು, ಆಗ 25ರ ಹರೆಯ. ಎತ್ತರದ ಆಳು. ಕವರ್ ಪಾಯಿಂಟ್ ಜಾಗದಲ್ಲಿ ನಿಲ್ಲುತ್ತಿದ್ದ. ರಕ್ಷಣೆಯಲ್ಲಿ ನಿಂತವನು ಪಕ್ ಸಿಕ್ಕ ಕೂಡಲೇ ಎತ್ತಿ ದೂರ ಎಸೆದು ಅಪಾಯ ಕಳೆದುಕೊಳ್ಳುವುದು ಅಂದಿನ ವಾಡಿಕೆ. ಸ್ಟುವರ್ಟ್ ಹಾಗಲ್ಲ. ಪಕ್ಕನ್ನು ಹಿಡಿದುಕೊಂಡು ತಾನೇ ಹೊರಟುಬಿಡುತ್ತಿದ್ದ. 1903–04ರ ಪೋರ್ಟೇಜ್ ಲೇಕ್ ತಂಡದ ಬೆನ್ನೆಲುಬು ಅವನೇ. ಲೀಗ್ ಶುರುವಾಗುವ ಮುನ್ನ ಕ್ಯಾಲುಮೆಟ್ಟಿನವರು ಅವನಿಗೆ 1,800 ಡಾಲರ್ ಕೊಟ್ಟು ತಮ್ಮ ಕಡೆಗೆ ಸೆಳೆದರು. ಆಡುವುದಷ್ಟೇ ಅಲ್ಲ, ತರಬೇತಿ, ತಂಡದ ಮೇಲ್ವಿಚಾರಣೆ ಎಲ್ಲವೂ ಅವನದೇ. ಅವನ ತಮ್ಮ ಬ್ರೂಸ್ ಸ್ಟುವರ್ಟ್ ಪೋರ್ಟೇಜ್ ಲೇಕ್‌ನಲ್ಲೇ ಉಳಿದ. ಟ್ರಾಮಿನಲ್ಲಿ ಹೋಗಿಬರುವ ದೂರದ ಎರಡು ಊರು, ಎರಡು ತಂಡ, ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ. ಅಣ್ಣನ ಕೆಲಸ ಗೋಲು ತಡೆಯುವುದು, ತಮ್ಮನ ಕೆಲಸ ಗೋಲು ಹೊಡೆಯುವುದು. ಹಾಗಾಗಿ ಅವರು ಐಸಿನ ಮೇಲೆ ಎದುರಾಗದೆ ಇರುವಂತೆಯೇ ಇರಲಿಲ್ಲ.

ಕ್ಯಾಲುಮೆಟ್ಟಿನ ಗೋಲಿನಲ್ಲಿ ಬಿಲ್ಲಿ ನಿಕೊಲ್ಸನ್ ನಿಂತ. ಕೆನಡಾದ ಹಾಕಿಯ ಹಿರಿಯ ಬಹುಮಾನವಾದ ಸ್ಟ್ಯಾನ್ಲಿ ಕಪ್ಪನ್ನು ಮಾಂಟ್ರಿಯಲ್‌ನಲ್ಲಿ ಗೆದ್ದು ಬಂದವನು, ಭಾರಿ ದೇಹದವನು. ಗೋಲ್‌ಕೀಪರ್ ಬೀಳುವಂತಿಲ್ಲ ಎಂಬ ನಿಯಮವಿದ್ದಾಗ ಗೋಲನ್ನು ಮೈಯಿಂದಲೇ ತುಂಬುವವನಿಗೆ ಬೆಲೆ ಹೆಚ್ಚು. ಪೋರ್ಟೇಜ್ ಲೇಕ್‌ನಲ್ಲಿ ರೈಲಿ ಹರ್ನ್ ಇದ್ದ; ಪಿಟ್ಸ್‌ಬರ್ಗಿನಲ್ಲಿ ಸಂಬಳಕ್ಕೆ ಗೋಲು ಕಾದು ಪಳಗಿದವನು. ಅಮೆರಿಕದ ಸೂ ತಂಡಕ್ಕೆ ಮಾಂಟ್ರಿಯಲ್ ಕಡೆಯಿಂದ ಜಾಕ್ ಲಾವಿಯೊಲೆಟ್ ಬಂದ. ಋತುವಿನ ನಡುವೆ ಅವನ ಗೆಳೆಯ ದಿದಿಯೇ ಪಿತ್ರ್ ಕೂಡ ಮಾಂಟ್ರಿಯಲ್‌ನ ನ್ಯಾಷನಲ್ಸ್ ತಂಡ ಬಿಟ್ಟು ಅಲ್ಲಿಗೇ ಬಂದು ಸೇರಿದ. ಫ್ರೆಂಚ್ ಮಾತಾಡುವ ಈ ಇಬ್ಬರು ತರುಣರಿಗೆ ಮಾಂಟ್ರಿಯಲ್‌ನ ಇಂಗ್ಲಿಷರ ದೊಡ್ಡ ಕ್ಲಬ್ಬುಗಳಲ್ಲಿ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ನೂರಾರು ಕಿಲೋಮೀಟರ್ ಆಚೆಯ ನದಿಯೂರು ಅವರನ್ನು ಕರೆದು ಸಂಬಳ ಕೊಟ್ಟಿತು. ಈ ಲೀಗಿನ ಬಗ್ಗೆ ನನಗೆ ಗೌರವ ಹುಟ್ಟಿಸುವ ಸಂಗತಿಗಳಲ್ಲಿ ಇದು ದೊಡ್ಡದು. ಆಟ ಬರುತ್ತದೆಯೇ ಎಂಬುದೊಂದೇ ಅಲ್ಲಿ ಪ್ರಶ್ನೆ.

ಸಂಬಳ ವಾರಕ್ಕೆ 15ರಿಂದ 40 ಡಾಲರ್. ಅದು ಎಷ್ಟೆಂದು ಅಳೆಯಲು ಒಂದು ಲೆಕ್ಕ ಸಾಕು: ಒಂಬತ್ತು ವರ್ಷ ಕಳೆದ ಮೇಲೆ, 1913ರಲ್ಲಿ, ಇದೇ ಸೀಮೆಯ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ನೆಲದಡಿಯ ಕೆಲಸಕ್ಕೆ ಅವರು ಕೇಳಿದ ಕನಿಷ್ಠ ಕೂಲಿ ದಿನಕ್ಕೆ 3 ಡಾಲರ್. ಸಾಧಾರಣ ಆಟಗಾರ ಗಣಿಯವನಿಗೆ ಸಮಸಮ. ಹಾಡ್ ಸ್ಟುವರ್ಟ್ ಒಂದು ಚಳಿಗಾಲದಲ್ಲಿ ಗಳಿಸಿದ್ದು ಅವರ ಎರಡು ವರ್ಷದ ದುಡಿಮೆಯಷ್ಟು. ಆ ಮುಷ್ಕರವನ್ನು ಕಡೆಯವರೆಗೂ ಬಗ್ಗದೆ ಎದುರಿಸಿದವನು ಕ್ಯಾಲುಮೆಟ್ ಆಂಡ್ ಹೆಕ್ಲಾದ ಜನರಲ್ ಮ್ಯಾನೇಜರ್ ಜೇಮ್ಸ್ ಮ್ಯಾಕ್‌ನಾಟನ್. ಹಾಕಿಯ ಮೇಲೆ ಅವನಿಗೆ ಪಂಚಪ್ರಾಣ. ಅವನು ಕೊಟ್ಟ ಬೆಳ್ಳಿಯ ಕಪ್ಪಿಗಾಗಿ ಅಮೆರಿಕದ ಕಾಲೇಜು ತಂಡಗಳು ಇಂದಿಗೂ ಆಡುತ್ತವೆ. ಅದೇ ಮುಷ್ಕರದ ನಡುವೆ, 1913ರ ಡಿಸೆಂಬರ್ 24ರ ಸಂಜೆ, ಕಾರ್ಮಿಕರ ಮಕ್ಕಳಿಗೆಂದು ಕ್ಯಾಲುಮೆಟ್ಟಿನ ಇಟಾಲಿಯನ್ ಹಾಲ್‌ನಲ್ಲಿ ಏರ್ಪಡಿಸಿದ್ದ ಕ್ರಿಸ್‌ಮಸ್ ಕೂಟದಲ್ಲಿ ಯಾರೋ ಬೆಂಕಿ ಎಂದು ಸುಳ್ಳು ಕೂಗಿ, ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ 73 ಜನ ಸತ್ತರು. ಹೆಚ್ಚಿನವರು ಮಕ್ಕಳು. ಪಲೆಸ್ಟ್ರಾದ ಬೆಂಚಿನಲ್ಲಿ ಮ್ಯಾನೇಜರನೂ ಗಣಿಗಾರನೂ ಒಂದೇ ತಂಡಕ್ಕೆ ಕೂಗಿದ್ದು ನಿಜ. ಆ ಎರಡು ಗಂಟೆಯ ಆಚೆಗೆ ಅವರ ನಡುವೆ ಏನಿತ್ತು ಎಂಬುದನ್ನು ಬಿಟ್ಟು ಈ ಊರುಗಳ ಹಾಕಿಯ ಕಥೆ ಹೇಳಿದರೆ ಅದು ಅರೆಸತ್ಯವಾಗುತ್ತದೆ.

ಡಿಸೆಂಬರಿನಲ್ಲಿ ಆಟ ಶುರುವಾಯಿತು. ತಂಡಕ್ಕೆ 24 ಪಂದ್ಯ. ಅದೇ ವರ್ಷ ಮಾಂಟ್ರಿಯಲ್, ಕ್ವಿಬೆಕ್ ತಂಡಗಳಿದ್ದ ಕೆನಡಾದ ಹಿರಿಯ ಹವ್ಯಾಸಿ ಲೀಗಿನಲ್ಲಿ ಒಂದು ತಂಡ ಆಡುತ್ತಿದ್ದದ್ದು ಹತ್ತೇ ಪಂದ್ಯ ಎಂಬುದನ್ನು ನೆನೆದರೆ ಈ ಹೊಸ ಲೀಗ್ ಆಟಗಾರರಿಂದ ಎಷ್ಟು ದುಡಿಸಿಕೊಂಡಿತು ಎಂಬುದು ತಿಳಿಯುತ್ತದೆ. ಹವ್ಯಾಸಿಗಳಿಗೆ ಇಷ್ಟು ಬಿಡುವು ಎಲ್ಲಿಂದ ಬರಬೇಕು? ಹೋಟನ್‌ನಿಂದ ಪಿಟ್ಸ್‌ಬರ್ಗಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ, ಸ್ಟೀಮ್ ರೈಲು, ಹಳಿಯ ಮೇಲೆ ಹಿಮ. ಅಷ್ಟು ದೂರ ಹೋದ ಮೇಲೆ ಒಂದೇ ಆಟ ಆಡಿ ಮರಳುವುದು ಗಿಟ್ಟುತ್ತಿರಲಿಲ್ಲ. ಏಳು ಜನ, ಬದಲಿಯಿಲ್ಲ, ಮರುದಿನ ಮತ್ತೆ ಅದೇ ಏಳು ಜನ. ಪಿಟ್ಸ್‌ಬರ್ಗಿನವರಿಗೆ ಇದರಲ್ಲೊಂದು ಅನುಕೂಲವಿತ್ತು. ಬಡಗಣದ ಊರುಗಳಲ್ಲಿ ಐಸ್ ಗಟ್ಟಿಯಾಗುವ ಮುಂಚೆಯೇ ಅವರ ಯಂತ್ರದ ಐಸ್ ಸಿದ್ಧವಿರುತ್ತಿತ್ತು, ಅಭ್ಯಾಸ ಮುಗಿದಿರುತ್ತಿತ್ತು. ಆದರೂ ಮಾರ್ಚಿನ ವೇಳೆಗೆ ಅವರು ಕ್ಯಾಲುಮೆಟ್, ಪೋರ್ಟೇಜ್ ಲೇಕ್‌ಗಳ ಹಿಂದೆಯೇ ಉಳಿದರು.

ಈ ಲೀಗ್ ನಡೆಯುತ್ತಿದ್ದ ಅದೇ ಚಳಿಗಾಲದಲ್ಲಿ ಹವ್ಯಾಸಿ ಹಾಕಿಯ ಅತಿ ದೊಡ್ಡ ಸಾಹಸವೊಂದು ನಡೆದುಹೋಯಿತು. ಯೂಕಾನ್‌ನ ಎಂಬ ಕೆನಡಾದ ವಾಯವ್ಯ ಮೂಲೆಯ ಪ್ರದೇಶದ ಚಿನ್ನದ ಊರು ಡಾಸನ್ ಸಿಟಿಯ ಆಟಗಾರರು 1904ರ ಡಿಸೆಂಬರಿನಲ್ಲಿ ಕಾಲ್ನಡಿಗೆ, ನಾಯಿಬಂಡಿ, ಸೈಕಲ್, ಹಡಗು, ರೈಲು ಎಲ್ಲದರ ಮೇಲೂ ಬಂದು, ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಸ್ಟ್ಯಾನ್ಲಿ ಕಪ್ಪಿಗೆ ಒಟ್ಟಾವಾ ತಂಡದ ಮೇಲೆ ಸವಾಲು ಹಾಕಿದರು. ಜನವರಿಯಲ್ಲಿ 9–2, 23–2ರಿಂದ ಸೋತರು. ಎರಡನೆಯ ಪಂದ್ಯದಲ್ಲಿ ಒಂದೇ ಕಣ್ಣಿನ ದೃಷ್ಟಿಯಿದ್ದ ಫ್ರಾಂಕ್ ಮಗೀ ಒಬ್ಬನೇ 14 ಗೋಲು ಹೊಡೆದ. ಈ ಕಥೆಯನ್ನು ಹಾಕಿಪ್ರಿಯರೆಲ್ಲ ಬಲ್ಲರು. ಆದರೆ ಅದೇ ಒಟ್ಟಾವಾ ತಂಡಕ್ಕೆ 1905ರಲ್ಲಿ ಪೋರ್ಟೇಜ್ ಲೇಕ್ ಸವಾಲು ಕಳಿಸಿದಾಗ ಅವರು ಒಪ್ಪಲಿಲ್ಲ. ಯೂಕಾನ್‌ನಿಂದ ದಣಿದು ಬಂದವರೊಡನೆ ಆಡಲು ಸಿದ್ಧರಿದ್ದವರು ಸಮಬಲದವರೊಡನೆ ಆಡಲಿಲ್ಲ. ಮರುವರ್ಷ ಮಾಂಟ್ರಿಯಲ್‌ನವರೂ ಹಾಗೆಯೇ ಮಾಡಿದರು. ಆಡಿದ್ದರೆ ಯಾರು ಗೆಲ್ಲುತ್ತಿದ್ದರೋ. ನನ್ನ ಮನಸ್ಸು ಹೋಟನ್ ಕಡೆ ವಾಲುತ್ತದೆ.

ಹಣ ಬಂದರೆ ಆಟ ಕ್ರೂರವಾಗುತ್ತದೆ ಎಂಬ ದೂರು ಆಗ ಎಲ್ಲೆಡೆ ಇತ್ತು. ಈ ಲೀಗಿನ ಆಟ ಒರಟಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ರೆಫರಿಗಳ ಬಗ್ಗೆ ಹಾಡ್ ಸ್ಟುವರ್ಟ್‌ನೇ ಮುಂದೆ ಬಹಿರಂಗವಾಗಿ ದೂರಿದ. ಆದರೆ 1905ರ ಫೆಬ್ರುವರಿಯಲ್ಲಿ ಸ್ಟಿಕ್ಕಿನ ಪೆಟ್ಟಿಗೆ ಆಲ್ಸಿಡ್ ಲೋರಾನ್ ಎಂಬ ತರುಣ ಐಸಿನ ಮೇಲೆಯೇ ಸತ್ತದ್ದು ಒಂಟಾರಿಯೊದ ಮ್ಯಾಕ್ಸ್‌ವಿಲ್ ಎಂಬ ಹಳ್ಳಿಯಲ್ಲಿ, ಸಂಬಳದ ಸುಳಿವಿಲ್ಲದ ಪಂದ್ಯದಲ್ಲಿ. ಹೊಡೆದವನ ಮೇಲೆ ಮೊದಲು ಕೊಲೆಯ ಆರೋಪವೇ ಬಂತು, ಕೊನೆಗೆ ಬಿಡುಗಡೆಯಾಯಿತು. ಕ್ರೌರ್ಯ ಆ ಕಾಲದ ಹಾಕಿಯಲ್ಲೇ ಇತ್ತು.

ಋತು ಮುಗಿದಾಗ ಕ್ಯಾಲುಮೆಟ್ 24ರಲ್ಲಿ 18 ಗೆದ್ದು ಮೊದಲ ಸ್ಥಾನದಲ್ಲಿತ್ತು. ಫೈನಲ್ ಎಂಬುದೇನೂ ಇರಲಿಲ್ಲ. ಪಟ್ಟಿಯ ತುದಿಯಲ್ಲಿ ಇದ್ದವರೇ ಚಾಂಪಿಯನ್. ಪೋರ್ಟೇಜ್ ಲೇಕ್ ಎರಡನೆಯದು, ಪಿಟ್ಸ್‌ಬರ್ಗ್ ಮೂರನೆಯದು. ಎರಡೂ ಸೂ ತಂಡಗಳು ಬಹಳ ಕೆಳಗೆ ಬಿದ್ದವು. ಹಾಡ್ ಸ್ಟುವರ್ಟ್ ರಕ್ಷಣೆಯಲ್ಲಿ ನಿಂತೇ 18 ಗೋಲು ಹೊಡೆದಿದ್ದ. ಕ್ಯಾಲುಮೆಟ್ಟಿನವರು ಕೊಟ್ಟ 1,800 ಡಾಲರಿನ ಪ್ರತಿ ಸೆಂಟಿಗೂ ಲೆಕ್ಕ ಸಿಕ್ಕಿತು.

ಅದರ ಫಲವಾಗಿ ಅವನಿಗೆ ಸಿಕ್ಕಿದ್ದು ಶಿಕ್ಷೆ. 1905ರ ಡಿಸೆಂಬರಿನಲ್ಲಿ ಲೀಗ್ ಅವನನ್ನು ಅಮಾನತು ಮಾಡಿತು. ಪಿಟ್ಸ್‌ಬರ್ಗ್ ಬಿಟ್ಟು ಉಳಿದ ತಂಡಗಳ ದೂರು ಎರಡು: ಅವನು ಒರಟಾಗಿ ಆಡುತ್ತಾನೆ, ಅವನಿದ್ದ ತಂಡಗಳು ಗೆಲ್ಲುವುದು ಅತಿಯಾಯಿತು. ಎರಡನೆಯದು ನಿಜವಾದ ಕಾರಣ ಎಂದು ನನಗೆ ಕಾಣುತ್ತದೆ. ಕೆಲವೇ ವಾರಗಳಲ್ಲಿ ಅಮಾನತು ತೆರವಾಗಿ ಅವನು ಪಿಟ್ಸ್‌ಬರ್ಗಿಗೆ ಆಡಿದ. ಆಟವನ್ನು ಪೂರ್ತಿಯಾಗಿ ದುಡಿಮೆ ಎಂದು ಒಪ್ಪಿಕೊಂಡ ಮೊದಲ ಲೀಗ್ ಅದು, ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ ದುಡಿಯುವವನ ಕೆಲಸವನ್ನು ಒಂದು ಸಭೆಯಲ್ಲಿ ಕೂತು ಕಿತ್ತುಕೊಳ್ಳಬಹುದು ಎಂಬ ಮಾಲೀಕರ ಅಧಿಕಾರವೂ ಅದರೊಟ್ಟಿಗೇ ಬಂತು. ಹಾಡ್‌ನ ಬದುಕು ಚಿಕ್ಕದಾಯಿತು. 1907ರ ಜೂನ್‌ನಲ್ಲಿ ಒಂಟಾರಿಯೊದ ಬೆಲ್‌ವಿಲ್‌ನಲ್ಲಿ ಈಜಲು ಹೋಗಿ, ಆಳವಿಲ್ಲದ ನೀರಿಗೆ ಧುಮುಕಿ, ತಲೆ ಬಂಡೆಗೆ ಬಡಿದು ಸತ್ತ. ಅವನ ಹೆಂಡತಿ ಮತ್ತು ಎಳೆಯ ಮಕ್ಕಳಿಗಾಗಿ 1908ರ ಜನವರಿ 2ರಂದು ಮಾಂಟ್ರಿಯಲ್‌ನಲ್ಲಿ ಬೇರೆ ಬೇರೆ ತಂಡಗಳ ಆಯ್ದ ಆಟಗಾರರು ವಾಂಡರರ್ಸ್ ವಿರುದ್ಧ ಆಡಿ ಎರಡು ಸಾವಿರ ಡಾಲರಿಗೂ ಹೆಚ್ಚು ಕೂಡಿಸಿದರು. ಹಾಕಿಯ ಮೊದಲ ಆಲ್‌ಸ್ಟಾರ್ ಪಂದ್ಯ ಅದು.

ಲೀಗ್ ಬದುಕಿದ್ದು ಮೂರೇ ಚಳಿಗಾಲ. ಎರಡನೆಯ ಮತ್ತು ಮೂರನೆಯ ವರ್ಷ ಪೋರ್ಟೇಜ್ ಲೇಕ್ ಗೆದ್ದಿತು. ಮುಂದೆ ಕೆನಡಾದಾದ್ಯಂತ ಹೆಸರಾದ ಫ್ರೆಡ್ ಟೇಲರ್ 1906ರಲ್ಲಿ ಅಲ್ಲಿಗೆ ಬಂದು ಸೇರಿದ್ದ. ಮೂರನೆಯ ವರ್ಷ ಕೆನಡಾದ ಸೂ ತಂಡದಲ್ಲಿ ನ್ಯೂಸಿ ಲಲಾಂಡ್ ಎಂಬ ಹದಿಹರೆಯದ ಹುಡುಗ ತನ್ನ ವೃತ್ತಿಯ ಮೊದಲ ಆಟಗಳನ್ನು ಆಡಿದ. 1907ರ ಮೊದಲ ತಿಂಗಳುಗಳಲ್ಲಿ ಪೌಂಡಿಗೆ 25 ಸೆಂಟ್ ಮುಟ್ಟಿದ್ದ ತಾಮ್ರದ ಬೆಲೆ ಅಕ್ಟೋಬರಿನ ಹೊತ್ತಿಗೆ ಅರ್ಧಕ್ಕೆ ಬಿದ್ದಿತು. ನ್ಯೂಯಾರ್ಕ್‌ನಲ್ಲಿ ಬ್ಯಾಂಕುಗಳ ಮುಂದೆ ತಮ್ಮ ಹಣ ವಾಪಸು ಪಡೆಯಲು ಜನ ಸಾಲುಗಟ್ಟಿದರು. ಆ ಚಳಿಗಾಲ ಲೀಗ್ ನಡೆಯಲಿಲ್ಲ. ಆದರೆ ಬೆಲೆ ಬೀಳದಿದ್ದರೂ ಅದು ಉಳಿಯುತ್ತಿತ್ತೇ ಎಂಬುದು ಅನುಮಾನ. ತಮ್ಮ ಒಳ್ಳೆಯ ಆಟಗಾರರೆಲ್ಲ ಗಡಿ ದಾಟಿ ಹೋಗುವುದನ್ನು ಮೂರು ವರ್ಷ ನೋಡಿದ ಕೆನಡಾದ ದೊಡ್ಡ ಕ್ಲಬ್ಬುಗಳು 1906ರ ಕೊನೆಗೆ ಮಡಿ ಬಿಟ್ಟಿದ್ದವು. ಮಾಂಟ್ರಿಯಲ್, ಒಟ್ಟಾವಾ ತಂಡಗಳಿದ್ದ ಹೊಸ ಲೀಗ್ ವೃತ್ತಿಪರರನ್ನು ಆಡಿಸಬಹುದು ಎಂದಿತು. ಯಾರಿಗೆ ಸಂಬಳ ಕೊಡುತ್ತೀರೋ ಅವರ ಹೆಸರನ್ನು ಪ್ರಕಟಿಸಬೇಕು ಎಂಬುದೊಂದೇ ಷರತ್ತು. ಮರಳಿ ಬನ್ನಿ ಎಂದು ಕರೆ ಹೋಯಿತು. ಗಣಿಯೂರುಗಳಿಗೆ ಅಷ್ಟು ದೊಡ್ಡ ನಗರಗಳೊಡನೆ ಹರಾಜಿನಲ್ಲಿ ನಿಲ್ಲುವ ತಾಕತ್ತಿರಲಿಲ್ಲ.

1907ರ ಮಾರ್ಚಿನಲ್ಲಿ ವಾಂಡರರ್ಸ್ ಸ್ಟ್ಯಾನ್ಲಿ ಕಪ್ ಗೆದ್ದಾಗ ಗೋಲಿನಲ್ಲಿ ನಿಂತವನು ಪೋರ್ಟೇಜ್ ಲೇಕ್‌ನ ರೈಲಿ ಹರ್ನ್, ಅವನ ಮುಂದೆ ಹಾಡ್ ಸ್ಟುವರ್ಟ್. ಮರುವರ್ಷ ಅಣ್ಣನ ತಂಡಕ್ಕೆ ತಮ್ಮ ಬ್ರೂಸ್ ಬಂದ. 1909ರಲ್ಲಿ ಒಟ್ಟಾವಾ ಕಪ್ ಗೆದ್ದಾಗ ಅಲ್ಲಿ ಬ್ರೂಸ್ ಇದ್ದ, ಫ್ರೆಡ್ ಟೇಲರ್ ಇದ್ದ. ಗಿಬ್ಸನ್ ಕೆನಡಾಕ್ಕೆ ಮರಳಿ ಕ್ಯಾಲ್ಗರಿಯಲ್ಲಿ ದಂತವೈದ್ಯನಾಗಿ ಬಾಳಿದ. ಹಾಕಿಯ ಹಾಲ್ ಆಫ್ ಫೇಮ್ ಅವನನ್ನು ನೆನೆದದ್ದು 1976ರಲ್ಲಿ, ಅವನು ತೀರಿಹೋದ ಎಷ್ಟೋ ವರ್ಷಗಳ ಮೇಲೆ. 1909ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಭಾಷಿಕರದೇ ಒಂದು ವೃತ್ತಿಪರ ತಂಡ ಕಟ್ಟಬೇಕೆಂಬ ಮಾತು ಬಂದಾಗ ಆ ಹೊಣೆ ಹೋದದ್ದು ಜಾಕ್ ಲಾವಿಯೊಲೆಟ್‌ಗೆ. ಅವನು ಮೊದಲು ಹುಡುಕಿಕೊಂಡು ಹೋಗಿ ಸಹಿ ಹಾಕಿಸಿದ್ದು ದಿದಿಯೇ ಪಿತ್ರ್‌ನಿಂದ, ಮುಂದೆ ನ್ಯೂಸಿ ಲಲಾಂಡ್‌ನನ್ನು ಸೇರಿಸಿಕೊಂಡ. ಮಾಂಟ್ರಿಯಲ್ ಕೆನೇಡಿಯನ್ಸ್ ಎಂದು ಇಂದಿಗೂ ಆಡುತ್ತಿರುವ ಆ ತಂಡದ ಮೊದಲ ವರ್ಷದ ಮೂವರು ಮುಖ್ಯ ಆಟಗಾರರೂ ಸೇಂಟ್ ಮೇರೀಸ್ ನದಿಯ ಒಂದಲ್ಲ ಒಂದು ದಡದಲ್ಲಿ ಸಂಬಳಕ್ಕೆ ಆಡಿ ಬಂದವರು.